ಅಂಚೆಯವರ ತೋಟದ ವೀರಗಲ್ಲುಗಳು

ನನ್ನ ಅಕ್ಕನ ಮಗ ಬಹು ಶಿಸ್ತಿನ ಹುಡುಗ. ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್ನಿನಲ್ಲಿ ಅವನ ಮನೆ. ಕಂಪ್ಯೂಟರಿಗೆ ಸಂಬಂಧಿಸಿದ ಉದ್ಯೋಗ. ೨೦೨೪ರ ಮೇ ತಿಂಗಳಲ್ಲಿ ಹಸ್ತಪ್ರತಿಗಳನ್ನು ಕುರಿತ ಒಂದು ವಿಚಾರಗೋಷ್ಠಿಗೆಂದು ನಾನು ಆ ನಗರಕ್ಕೆ ಹೋದಾಗ ಇಳಿದುಕೊಂಡದ್ದು ಅವನಲ್ಲಿಯೇ. ಗೋಷ್ಠಿ ಮುಗಿದ ಮರುದಿನ ಅವನು ರಜೆ ಹಾಕಿ ನನಗೆ ಊರು ತೋರಿಸಿದ. ಪಾರ್ಲಿಮೆಂಟಿನ ಭವನ, ಗೋಪುರಗಳುಳ್ಳ ಸೇತುವೆ, ಅರಮನೆಯ ಕಬ್ಬಿಣದ ಕಂಬಿಗಳು, ಥೇಮ್ಸ್ ನದಿಯ ದಂಡೆಯಲ್ಲಿ ೨೦೧೫ರ ನವೆಂಬರಿನಲ್ಲಿ ಅನಾವರಣಗೊಂಡ ನಮ್ಮ ಬಸವಣ್ಣನವರ ಪ್ರತಿಮೆ, ಎಲ್ಲವನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸಿದೆವು. ಮುಗಿಸಿದೆವು ಎಂಬುದೇ ಸರಿಯಾದ ಮಾತು. ಎಲ್ಲದರ ಮುಂದೆಯೂ ನಾನು ನಿಂತಿರುವ ಚಿತ್ರಗಳಿವೆ. ಆ ಚಿತ್ರಗಳನ್ನು ನೋಡಿದರೆ ಮಾತ್ರ ಅಲ್ಲಿಗೆ ಹೋಗಿದ್ದೆನೆಂಬುದು ನೆನಪಾಗುತ್ತದೆ.

ಇನ್ನೂ ಒಂದು ದಿನ ಉಳಿದಿತ್ತು. ಅವನಿಗೆ ಕಚೇರಿ. ಹಿಂದಿನ ರಾತ್ರಿಯೇ ಕುಳಿತು ಒಂದು ಕಾಗದದ ಮೇಲೆ ಗಂಟೆ ನಿಮಿಷಗಳ ಸಮೇತ ನನ್ನ ದಿನಚರಿಯನ್ನು ಬರೆದುಕೊಟ್ಟ. ಬ್ರಿಟಿಷ್ ಮ್ಯೂಸಿಯಂನಿಂದ ಮೊದಲಾಗಿ ಏಳು ಸ್ಥಳಗಳು. ಯಾವ ನಿಲ್ದಾಣದಲ್ಲಿ ಹತ್ತಬೇಕು, ಯಾವ ಬಾಗಿಲಿನಿಂದ ಹೊರಗೆ ಬರಬೇಕು, ಎಲ್ಲವೂ ಅದರಲ್ಲಿತ್ತು. "ಚಿಕ್ಕಮ್ಮ, ಇದರ ಪ್ರಕಾರ ಹೋದ್ರೆ ಸಂಜೆಯೊಳಗೆ ಏಳೂ ಆಗುತ್ತೆ. ಎಲ್ಲೂ ಜಾಸ್ತಿ ಹೊತ್ತು ನಿಲ್ಲಬೇಡಿ" ಎಂದ. ನಾನು ತರಗತಿಯಲ್ಲಿ ಹುಡುಗರಿಗೆ ಹೇಳುವ ಧಾಟಿಯಲ್ಲೇ ಹೇಳಿದ.

ಲಂಡನ್ ಬ್ರಿಜ್ ಎಂಬ ನಿಲ್ದಾಣದಲ್ಲಿ ಇಳಿದು ನೆಲದಡಿಯ ರೈಲನ್ನು ಹಿಡಿಯಬೇಕೆಂದು ಪಟ್ಟಿಯಲ್ಲಿತ್ತು. ಇಳಿದೆ. ಕೆಳಗೆ ಹೋಗುವ ಮೆಟ್ಟಿಲುಗಳು ಒಂದು ಕಡೆ, ಬೀದಿಗೆ ಹೋಗುವ ದಾರಿ ಮತ್ತೊಂದು ಕಡೆ. ಬೀದಿಯ ಕಡೆಯಿಂದ ಬಿಸಿಲು ಬರುತ್ತಿತ್ತು. ಮೂರು ದಿನ ಗೋಷ್ಠಿಯ ಕೋಣೆಯಲ್ಲಿ ಬಿಸಿಲನ್ನೇ ಕಾಣದೆ ಕುಳಿತಿದ್ದವಳಿಗೆ ಅದಕ್ಕಿಂತ ದೊಡ್ಡ ಆಕರ್ಷಣೆ ಬೇಕಿರಲಿಲ್ಲ. ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿ ಬಿಸಿಲಿನ ಕಡೆಗೆ ನಡೆದೆ.

ಇಲ್ಲಿ ಒಂದು ಮಾತನ್ನು ವಾಚಕಿಯರು ಬೇಗ ಅರ್ಥಮಾಡಿಕೊಳ್ಳುವರೆಂದು ನಂಬಿ ಹೇಳುತ್ತೇನೆ. ನಮ್ಮ ಊರುಗಳಲ್ಲಿ ಹೆಂಗಸು ನಡೆಯುವುದು ಯಾವುದಾದರೂ ಕಾರಣಕ್ಕಾಗಿ. ಸಂತೆಗೆ, ದೇವಸ್ಥಾನಕ್ಕೆ, ಕಾಲೇಜಿಗೆ, ನೆಂಟರ ಮನೆಗೆ. "ಎಲ್ಲಿಗೆ ಹೊರಟಿರಿ?" ಎಂದು ಎದುರಿಗೆ ಸಿಕ್ಕವರು ಕೇಳಿದರೆ ಅದು ಕುಶಲಪ್ರಶ್ನೆ ಹೌದು, ಉತ್ತರವನ್ನು ಸಿದ್ಧವಾಗಿಟ್ಟುಕೊಂಡೇ ಮನೆ ಬಿಡಬೇಕೆಂಬ ಕಟ್ಟಳೆಯೂ ಹೌದು. "ಸುಮ್ಮನೆ" ಎಂಬ ಉತ್ತರವನ್ನು ಗಂಡಸು ಕೊಡಬಹುದು. ಹೆಂಗಸು ಕೊಟ್ಟರೆ ಕೇಳಿದವರು ಒಂದು ಕ್ಷಣ ನಿಂತು ನೋಡುತ್ತಾರೆ. ನಲವತ್ತೈದು ವರ್ಷಗಳ ಬಾಳಿನಲ್ಲಿ ನಾನು ಸುಮ್ಮನೆ ನಡೆದದ್ದು ಅದೇ ಮೊದಲು. ಯಾರೂ ಕೇಳಲಿಲ್ಲ. ಮೊದಲ ಅರ್ಧ ಗಂಟೆ ಅದು ಬಹಳ ಹಿತವಾಗಿತ್ತು. ಆಮೇಲೆ, ನಿಜ ಹೇಳಬೇಕೆಂದರೆ, ಯಾರಾದರೂ ಕೇಳಬಾರದೆ ಎಂದೂ ಅನ್ನಿಸಿತು.

ನದಿಯ ದಕ್ಷಿಣದ ಈ ಭಾಗಕ್ಕೆ ಸದರ್ಕ್ ಎಂದು ಹೆಸರು. ಹಿಂದೆ ಲಂಡನ್ ಪೌರಸಭೆಯ ಅಧಿಕಾರ ಸೇತುವೆಯ ಆಚೆಗೆ ಸರಿಯಾಗಿ ನಡೆಯುತ್ತಿರಲಿಲ್ಲವಾಗಿ, ನಗರಕ್ಕೆ ಬೇಕಾದ ಆದರೆ ನಗರದೊಳಗೆ ಬೇಡವಾದ ಸಮಸ್ತವೂ ಇಲ್ಲಿ ಬಂದು ಸೇರಿತ್ತು: ನಾಟಕಶಾಲೆಗಳು, ಕರಡಿಗಳ ಕಾಳಗ, ಸೆರೆಮನೆಗಳು, ಸೂಳೆಗೇರಿಗಳು. ಚಾಸರ್ ಕವಿಯ ಯಾತ್ರಿಕರು ಕ್ಯಾಂಟರ್ಬರಿಗೆ ಹೊರಡುವುದು ಇಲ್ಲಿಯ ಒಂದು ಛತ್ರದಿಂದ. ಆ ಕಟ್ಟಡ ಈಗಿಲ್ಲ. ಅದಿದ್ದ ಓಣಿ ಇದೆ. ಡಿಕನ್ಸನ ತಂದೆಯನ್ನು ೧೮೨೪ರಲ್ಲಿ ಸಾಲಕ್ಕಾಗಿ ಕೂಡಿಹಾಕಿದ್ದ ಸೆರೆಮನೆಯದೊಂದು ಗೋಡೆ ಇನ್ನೂ ಉಳಿದಿದೆ. ಪಿ.ಯು.ಸಿ. ತರಗತಿಯ ಇಂಗ್ಲಿಷ್ ಪಾಠಪುಸ್ತಕದ ಅಡಿಟಿಪ್ಪಣಿಗಳು ಒಂದೊಂದಾಗಿ ಎದ್ದು ಬಂದು ಮೂಲೆ ಮೂಲೆಯಲ್ಲಿ ನಿಂತಿರುವಂತೆ ತೋರಿತು. ಗೈಸ್ ಆಸ್ಪತ್ರೆಯ ಅಂಗಳದಲ್ಲಿ ಹಳೆಯ ಲಂಡನ್ ಸೇತುವೆಯ ಒಂದು ಕಲ್ಲಿನ ಗೂಡನ್ನು ತಂದಿಟ್ಟಿದ್ದಾರೆ. ಅದರೊಳಗಿನ ಬೆಂಚಿನ ಮೇಲೆ ಕೀಟ್ಸ್ ಕವಿಯ ಕಂಚಿನ ಪ್ರತಿಮೆ ಕುಳಿತಿದೆ. ಕವಿ ೧೮೧೫ರಲ್ಲಿ ವೈದ್ಯ ಕಲಿಯಲು ಸೇರಿದ್ದು ಆ ಆಸ್ಪತ್ರೆಯನ್ನೇ. ಪಕ್ಕದಲ್ಲಿ ಇನ್ನೊಬ್ಬರು ಕುಳಿತುಕೊಳ್ಳುವಷ್ಟು ಜಾಗ ಬಿಟ್ಟಿದ್ದಾರೆ. ಕುಳಿತೆ. ಇಪ್ಪತ್ತೈದನೆಯ ವಯಸ್ಸಿಗೆ ತೀರಿಕೊಂಡವನ ಪಕ್ಕದಲ್ಲಿ ನಲವತ್ತೈದರ ನಾನು ಕುಳಿತಾಗ ಮಗನ ಪಕ್ಕದಲ್ಲಿ ಕುಳಿತಂತಾಯಿತು.

ಅಲ್ಲಿಂದ ಎದ್ದು, ಹೆದ್ದಾರಿ ದಾಟಿ, ಯೂನಿಯನ್ ಸ್ಟ್ರೀಟ್ ಎಂಬ ಬೀದಿಯನ್ನು ಹಿಡಿದೆ. ಹಿಡಿಯಲು ಕಾರಣವೇನೂ ಇರಲಿಲ್ಲ. ಅಡ್ಡಬೀದಿಯೊಂದರ ಕಬ್ಬಿಣದ ಗೇಟಿಗೆ ಸಾವಿರಾರು ಬಣ್ಣಬಣ್ಣದ ದಾರ, ರಿಬ್ಬನ್ನು, ಬಟ್ಟೆಯ ಚೂರು, ಒಣಗಿದ ಹೂಗಳನ್ನು ಕಟ್ಟಿದ್ದರು. ನಮ್ಮ ಕಡೆ ಹರಕೆಯ ಮರಕ್ಕೆ ಕಟ್ಟುವರಲ್ಲ, ಹಾಗೆಯೇ. ಆಂಗ್ಲರ ದೇಶದಲ್ಲಿ ಇದೇನೆಂದು ಹತ್ತಿರ ಹೋಗಿ ಫಲಕ ಓದಿದೆ. ಅದು ಕ್ರಾಸ್‌ಬೋನ್ಸ್ ಎಂಬ ಹಳೆಯ ಸ್ಮಶಾನ. ೧೫೯೮ರಲ್ಲಿ ಜಾನ್ ಸ್ಟೋ ಎಂಬಾತ ಬರೆದ ಲಂಡನ್ ನಗರದ ವರ್ಣನೆಯಲ್ಲಿ ಈ ಭಾಗದ ವೇಶ್ಯೆಯರನ್ನು ಹೂಳುತ್ತಿದ್ದ ನೆಲವೊಂದರ ಪ್ರಸ್ತಾಪವಿದೆ. ಆ ನೆಲ ಇದೇ ಎಂದು ನಂಬಿಕೆ. ಚರ್ಚಿನ ಪವಿತ್ರ ಭೂಮಿಯಲ್ಲಿ ಅವರಿಗೆ ಎಡೆಯಿರಲಿಲ್ಲ. ಆಮೇಲೆ ದಿಕ್ಕಿಲ್ಲದ ಬಡವರನ್ನೂ ಅಲ್ಲಿಯೇ ಹೂಳಿದರು. ಹೆಣದ ಮೇಲೆ ಹೆಣ ತುಂಬಿ ಇನ್ನು ಜಾಗವಿಲ್ಲವೆಂದಾದ ಮೇಲೆ ೧೮೫೩ರಲ್ಲಿ ಮುಚ್ಚಿದರು. ಸುಮಾರು ೧೫,೦೦೦ ಮಂದಿ ಒಳಗಿರಬಹುದೆಂದು ಅಂದಾಜು. ಹೆಸರಿಲ್ಲದವರಿಗೆ ಕಲ್ಲು ನಿಲ್ಲಿಸುವುದು ಹೇಗೆ? ಆದ್ದರಿಂದ ಈಗಿನವರು ದಾರ ಕಟ್ಟುತ್ತಾರೆ. ನನ್ನ ಚೀಲದಲ್ಲಿ ಗೋಷ್ಠಿಯವರು ಕೊರಳಿಗೆ ಹಾಕಲು ಕೊಟ್ಟಿದ್ದ ಹೆಸರುಚೀಟಿಯ ಪಟ್ಟಿ ಇತ್ತು. ಹೆಸರುಚೀಟಿಯನ್ನು ತೆಗೆದುಕೊಂಡು ಪಟ್ಟಿಯನ್ನು ಗೇಟಿಗೆ ಕಟ್ಟಿದೆ.

ಅದೇ ಅಡ್ಡಬೀದಿಯ ಇನ್ನೊಂದು ಬದಿಗೆ ಪುಟ್ಟ ತೋಟವೊಂದಿದೆ. ಅದರ ಅಂಚಿಗೆ ಆಟಿಕೆಯ ಮನೆಗಳಂತಹ ಸಾಲುಮನೆಗಳು. ಸುಟ್ಟುಹೋದ ಕಾಗದದ ಕಾರ್ಖಾನೆಯ ನಿವೇಶನದಲ್ಲಿ, ೧೮೮೭ರಲ್ಲಿ, ಆಕ್ಟೇವಿಯಾ ಹಿಲ್ ಎಂಬ ಮಹಿಳೆ ಬಡ ಕೂಲಿಕಾರರಿಗೆಂದು ಮಾಡಿಸಿದ ತೋಟ ಅದು. ಕೊಳದ ಬಳಿ ಹತ್ತು ನಿಮಿಷ ಕುಳಿತು ಅಕ್ಕನ ಮಗ ಕಟ್ಟಿಕೊಟ್ಟಿದ್ದ ಚಪಾತಿಯಲ್ಲಿ ಅರ್ಧ ತಿಂದೆ. ಅಲ್ಲಿಂದ ಹೊರಟು ಹತ್ತಿರದ ಓಣಿಯೊಂದನ್ನು ಹಾದು ಬರುವಾಗ ಗೋಡೆಯ ಮೇಲೆ ಬೀದಿಯ ಹೆಸರು ಕಂಡಿತು: ಏಯರ್ಸ್ ಸ್ಟ್ರೀಟ್. ಅದನ್ನು ಹೇಗೆ ಉಚ್ಚರಿಸಬೇಕೋ ತಿಳಿಯದೆ ಎರಡು ಮೂರು ಬಗೆಯಾಗಿ ಹೇಳಿನೋಡಿದೆ. ಹಾಗೆ ಹೇಳಿನೋಡಿದ್ದರಿಂದಲೇ ಆ ಹೆಸರು ನೆನಪಿನಲ್ಲಿ ಉಳಿಯಿತು.

ನದಿಯನ್ನು ದಾಟಿದ್ದು ಕಾಲುನಡೆಯವರಿಗಾಗಿಯೇ ಕಟ್ಟಿದ ಹೊಸ ಸೇತುವೆಯ ಮೇಲೆ. ೨೦೦೦ದ ಜೂನಿನಲ್ಲಿ ಅದನ್ನು ತೆರೆದಾಗ ಜನ ನಡೆದ ರಭಸಕ್ಕೆ ಸೇತುವೆಯೇ ಓಲಾಡತೊಡಗಿತಂತೆ. ಎರಡೇ ದಿನಗಳಲ್ಲಿ ಮುಚ್ಚಿ, ರಿಪೇರಿ ಮಾಡಿ, ೨೦೦೨ರಲ್ಲಿ ಮತ್ತೆ ತೆರೆದರು. ಈಗ ಅದು ಗಂಭೀರವಾಗಿದೆ. ನೇರ ಎದುರಿಗೆ ಸೇಂಟ್ ಪಾಲರ ಮಹಾಮಂದಿರದ ಗುಮ್ಮಟ. ಒಳಗೆ ಹೋಗಲು ಟಿಕೆಟ್ಟು ಕೊಳ್ಳಬೇಕು. ಅದರ ನೆಲಮಾಳಿಗೆಯಲ್ಲಿ ವೆಲ್ಲಿಂಗ್ಟನ್ ಡ್ಯೂಕನ ಸಮಾಧಿಯಿದೆ ಎಂಬುದು ಗೊತ್ತಿತ್ತು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿಯ ಆಡಳಿತವನ್ನು ವಹಿಸಿಕೊಂಡಿದ್ದ ಆರ್ಥರ್ ವೆಲ್ಲೆಸ್ಲಿಯೇ ಈ ಮಹಾಶಯ. ಹಣ ಕೊಟ್ಟು ಅವನನ್ನು ಕಾಣುವ ಉತ್ಸಾಹ ಬರಲಿಲ್ಲ. ಸೈನ್ಯಾಧಿಪತಿಗಳು ಈ ಊರಿನಲ್ಲಿ ಬಿಟ್ಟಿಯಾಗಿಯೂ ಬೇಕಾದಷ್ಟು ಸಿಗುತ್ತಾರೆ; ಹಿಂದಿನ ದಿನ ಪ್ರತಿಯೊಂದು ವೃತ್ತದಲ್ಲಿಯೂ ಒಬ್ಬೊಬ್ಬನನ್ನು ಕುದುರೆಯ ಮೇಲೆಯೋ ಕಂಬದ ಮೇಲೆಯೋ ನೋಡಿದ್ದೆ.

ಮಂದಿರವನ್ನು ಬಳಸಿಕೊಂಡು ಉತ್ತರಕ್ಕೆ ಸ್ವಲ್ಪ ದೂರ ಹೋಗುವುದರೊಳಗೆ ಮಳೆ ಹಿಡಿಯಿತು. ಅಲ್ಲಿಯ ಮಳೆ ನಮ್ಮ ಮಳೆಯಂತೆ ಮುನ್ಸೂಚನೆ ಕೊಟ್ಟು ಬರುವುದಿಲ್ಲ. ಗುಡುಗಿಲ್ಲ, ಗಾಳಿಯಿಲ್ಲ, ಮಣ್ಣಿನ ವಾಸನೆಯಿಲ್ಲ. ಎತ್ತರದ ಕಚೇರಿಗಳ ನಡುವೆ ಒಂದು ಗೇಟು ತೆರೆದಿತ್ತು. ಕೈಯಲ್ಲಿ ಊಟದ ಪೊಟ್ಟಣ ಹಿಡಿದ ಕಚೇರಿಯ ಜನ ಒಳಗೆ ನುಗ್ಗುತ್ತಿದ್ದರು. ಅವರ ಹಿಂದೆ ನಾನೂ ನುಗ್ಗಿದೆ.

ಅದೊಂದು ಚಿಕ್ಕ ಉದ್ಯಾನ. ಹೆಸರು ಪೋಸ್ಟ್‌ಮನ್ಸ್ ಪಾರ್ಕ್, ಅಂಚೆಯವರ ತೋಟ. ಚರ್ಚುಗಳ ಹಳೆಯ ಸ್ಮಶಾನಗಳನ್ನು ಕೂಡಿಸಿ ೧೮೮೦ರಲ್ಲಿ ಮಾಡಿದ್ದು. ಹತ್ತಿರದಲ್ಲಿಯೇ ಇದ್ದ ಪ್ರಧಾನ ಅಂಚೆ ಕಚೇರಿಯ ನೌಕರರು ಮಧ್ಯಾಹ್ನದ ಬುತ್ತಿಯನ್ನು ಇಲ್ಲಿ ಬಿಚ್ಚುತ್ತಿದ್ದುದರಿಂದ ಆ ಹೆಸರು ಬಂದಿತು. ತೋಟದ ಒಂದು ಬದಿಗೆ, ಗೋಡೆಗೆ ಒರಗಿಸಿದಂತೆ, ಐವತ್ತು ಅಡಿ ಉದ್ದದ ಒಂದು ಮರದ ಚಾವಡಿ. ನಮ್ಮ ಹಳ್ಳಿಯ ಮನೆಗಳ ಜಗಲಿಯ ಹಾಗೆ ಇಳಿಜಾರು ಮಾಡು, ಕೆಳಗೆ ಬೆಂಚುಗಳು. ಮಳೆಗೆ ಎಲ್ಲರೂ ಅದರಡಿಯಲ್ಲಿ ಸೇರಿದೆವು. ನಿಂತವಳು ಹಿಂದಿನ ಗೋಡೆಯ ಕಡೆ ತಿರುಗಿದೆ. ಗೋಡೆಯ ತುಂಬ ಬಿಳಿಯ ಮೆರುಗಿನ ಬಿಲ್ಲೆಗಳ ಫಲಕಗಳು. ಪ್ರತಿಯೊಂದರ ಮೇಲೂ ಒಂದು ಹೆಸರು, ಒಂದು ವಾಕ್ಯ, ಒಂದು ತಾರೀಖು.

ಓದಿದೆ. ಥಾಮಸ್ ಗ್ರಿಫಿನ್, ಕೂಲಿ. ಬ್ಯಾಟರ್ಸಿಯ ಸಕ್ಕರೆ ಕಾರ್ಖಾನೆಯಲ್ಲಿ ೧೮೯೯ರ ಏಪ್ರಿಲಿನಲ್ಲಿ ಬಾಯ್ಲರು ಸಿಡಿದಾಗ, ಒಳಗೆ ಉಳಿದ ಜೊತೆಗಾರನನ್ನು ಹುಡುಕಲು ಮರಳಿ ಹೋಗಿ ಬೆಂದು ಸತ್ತವನು. ಮೇರಿ ರಾಜರ್ಸ್, ಹಡಗಿನ ಪರಿಚಾರಿಕೆ. ಅದೇ ವರ್ಷದ ಮಾರ್ಚಿಯಲ್ಲಿ ಸ್ಟೆಲ್ಲಾ ಎಂಬ ಹಡಗು ಮುಳುಗುವಾಗ ತನ್ನ ತೇಲುಪಟ್ಟಿಯನ್ನು ಇನ್ನೊಬ್ಬರಿಗೆ ಕೊಟ್ಟು ಹಡಗಿನೊಡನೆ ಮುಳುಗಿದವಳು. ಸಾರಾ ಸ್ಮಿತ್, ನಾಟಕದ ನಟಿ. ೧೮೬೩ರಲ್ಲಿ ಜೊತೆಯ ನಟಿಯ ಉಡುಪಿಗೆ ಬೆಂಕಿ ಹತ್ತಿದಾಗ, ತಾನು ತೊಟ್ಟಿದ್ದುದೂ ಅಂಥ ಉಡುಪೇ ಎಂಬುದನ್ನು ಲೆಕ್ಕಿಸದೆ ಆರಿಸಲು ಹೋದವಳು. ಸ್ಯಾಮ್ಯುಯೆಲ್ ರಾಬೆತ್, ವೈದ್ಯ. ಗಂಟಲುಮಾರಿ ತಗುಲಿದ ಮಗುವನ್ನು ಉಳಿಸಲು ಯತ್ನಿಸಿ ಅದೇ ರೋಗಕ್ಕೆ ಬಲಿಯಾದವನು. ಸಾಲಮನ್ ಗ್ಯಾಲಮನ್, ಹನ್ನೊಂದು ವರ್ಷದ ಹುಡುಗ. ೧೯೦೧ರಲ್ಲಿ ತಮ್ಮನನ್ನು ಗಾಡಿಯ ಚಕ್ರದಿಂದ ತಪ್ಪಿಸಿ ತಾನು ಸಿಕ್ಕಿದವನು. ಅವನನ್ನು ಉಳಿಸಿದೆ, ನನ್ನನ್ನು ಉಳಿಸಿಕೊಳ್ಳಲಾಗಲಿಲ್ಲ ಎಂದು ತಾಯಿಗೆ ಹೇಳಿದನೆಂದು ಫಲಕ ತಿಳಿಸುತ್ತದೆ. ಆ ಹುಡುಗನ ಮುಂದೆ ನಾನು ಬಹಳ ಹೊತ್ತು ನಿಂತಿರಬೇಕು. ಬೆಂಚಿನ ಮೇಲೆ ಕುಳಿತು ತಿನ್ನುತ್ತಿದ್ದ ತರುಣಿಯೊಬ್ಬಳು, "ನಿಮ್ಮ ಕುಟುಂಬದವರ ಹೆಸರು ಇಲ್ಲಿದೆಯೆ?" ಎಂದು ಇಂಗ್ಲಿಷಿನಲ್ಲಿ ಮೆಲ್ಲನೆ ಕೇಳಿದಳು. ಆ ದಿನ ನನ್ನನ್ನು ಯಾರಾದರೂ ಏನನ್ನಾದರೂ ಕೇಳಿದ್ದು ಅದೊಂದೇ. ಇಲ್ಲವೆಂದೆ.

ಆದರೆ ಆ ಬರಹದ ಜಾತಿ ನನಗೆ ಅಪರಿಚಿತವಾಗಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಬಿ.ಎ. ತರಗತಿಗಳಿಗೆ ಶಾಸನ ಪಾಠ ಹೇಳುತ್ತಿದ್ದೇನೆ. ಹೆಸರು, ಊರು, ಮಾಡಿದ ಕೆಲಸ, ಸತ್ತ ಸಂದರ್ಭ, ಕಾಲ. ಇಷ್ಟನ್ನೇ ಒಂದು ಉಸಿರಿನ ವಾಕ್ಯದಲ್ಲಿ ಅಡಕವಾಗಿ ಕೆತ್ತುವ ಕ್ರಮ ನಮ್ಮ ವೀರಗಲ್ಲುಗಳದು. ತುರುಗಳನ್ನು ಹಿಡಿದೊಯ್ಯುವವರನ್ನು ಅಡ್ಡಗಟ್ಟಿ ಸತ್ತವನು, ಊರಳಿವಿನಲ್ಲಿ ಕಾದಿ ಮಡಿದವನು, ಹೆಣ್ಣಿನ ಮಾನವನ್ನು ಕಾಯಲು ಹೋಗಿ ಬಿದ್ದವನು, ಇವರೆಲ್ಲ ಅರಸರಲ್ಲ. ಬಹುಮಂದಿ ಊರಿನ ಸಾಮಾನ್ಯರೇ. ಕಲ್ಲಿನ ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವಣದರಲ್ಲಿ ಅಪ್ಸರೆಯರು ವೀರನನ್ನು ಎತ್ತಿ ಒಯ್ಯುವುದು, ಮೇಲಣದರಲ್ಲಿ ಶಿವಸಾನ್ನಿಧ್ಯ. ಅಂಚೆಯವರ ತೋಟದ ಫಲಕಗಳಲ್ಲಿ ಮೇಲಣ ಎರಡು ಪಟ್ಟಿಕೆಗಳಿಲ್ಲ. ಕೆಳಗಣದೂ ಬೇರೆ, ಅಲ್ಲಿ ಯಾರ ಕೈಯಲ್ಲಿಯೂ ಆಯುಧವಿಲ್ಲ. ಹಗೆ ಎಂಬುವನು ಇಲ್ಲವೇ ಇಲ್ಲ. ನೀರು, ಬೆಂಕಿ, ಗಾಡಿಯ ಚಕ್ರ, ರೋಗ, ಇವೇ ಹಗೆಗಳು.

ಇವನ್ನು ನಿಲ್ಲಿಸಿದವನು ಜಾರ್ಜ್ ಫ್ರೆಡರಿಕ್ ವಾಟ್ಸ್ ಎಂಬ ಚಿತ್ರಕಾರ ಹಾಗೂ ಶಿಲ್ಪಿ. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು ಐವತ್ತು ವರ್ಷ ತುಂಬಿದ ೧೮೮೭ರ ಸಂಭ್ರಮದಲ್ಲಿ ಅವನು ಟೈಮ್ಸ್ ಪತ್ರಿಕೆಗೆ ಒಂದು ಕಾಗದ ಬರೆದ: ಇತರರನ್ನು ಉಳಿಸಲು ಪ್ರಾಣ ತೆತ್ತ ಸಾಮಾನ್ಯರಿಗೊಂದು ಸ್ಮಾರಕ ಕಟ್ಟೋಣ ಎಂದು. ಯಾರೂ ಕಿವಿಗೊಡಲಿಲ್ಲ. ಹದಿಮೂರು ವರ್ಷ ಕಾದು, ೧೯೦೦ದ ಜುಲೈಯಲ್ಲಿ ತನ್ನ ಖರ್ಚಿನಲ್ಲಿಯೇ ಈ ಚಾವಡಿಯನ್ನು ಮಾಡಿಸಿದ. ಆರಂಭದ ದಿನ ಇದ್ದದ್ದು ನಾಲ್ಕೇ ಫಲಕ. ೧೯೦೪ರಲ್ಲಿ ಅವನು ತೀರಿಕೊಂಡ ಮೇಲೆ ಹೆಂಡತಿ ಮೇರಿ ಕೆಲಸವನ್ನು ಮುಂದುವರಿಸಿದಳು. ೧೨೦ ಫಲಕಗಳಿಗೆ ಎಡೆಮಾಡಿದ್ದ ಗೋಡೆಯಲ್ಲಿ ಈಗ ಇರುವುವು ೫೪. ಅವುಗಳಲ್ಲಿ ೬೨ ಮಂದಿಯ ಹೆಸರು. ೧೯೩೧ರ ಅನಂತರ ಎಪ್ಪತ್ತೆಂಟು ವರ್ಷ ಹೊಸ ಹೆಸರೇ ಸೇರಲಿಲ್ಲ. ೨೦೦೯ರಲ್ಲಿ ಒಂದು ಸೇರಿತು; ಕಾಲುವೆಯಲ್ಲಿ ಮುಳುಗುತ್ತಿದ್ದ ಹುಡುಗನನ್ನು ಉಳಿಸಿ ೨೦೦೭ರಲ್ಲಿ ತಾನು ಮುಳುಗಿದ ಯುವಕನದು. ಗೋಡೆಯ ಅರ್ಧಕ್ಕೂ ಹೆಚ್ಚು ಭಾಗ ಖಾಲಿ. ಊರಿನಲ್ಲಿ ಅಂಥವರು ಆಮೇಲೆ ಹುಟ್ಟಲಿಲ್ಲವೆಂದು ಇದರ ಅರ್ಥವಲ್ಲವಷ್ಟೆ.

ಮಳೆ ಸ್ವಲ್ಪ ಕಡಿಮೆಯಾಗಿತ್ತು. ಹೊರಡಬೇಕೆಂದು ಚೀಲ ಎತ್ತಿಕೊಂಡಾಗ ಕಣ್ಣಿಗೆ ಬಿದ್ದದ್ದು ಇನ್ನೊಂದು ಫಲಕ. ಆಲಿಸ್ ಏಯರ್ಸ್. ಗಾರೆ ಕೆಲಸದ ಕೂಲಿಯೊಬ್ಬನ ಮಗಳು. ಯೂನಿಯನ್ ಸ್ಟ್ರೀಟಿನಲ್ಲಿ ಉರಿಯುತ್ತಿದ್ದ ಮನೆಯಿಂದ ಮೂವರು ಮಕ್ಕಳನ್ನು ಉಳಿಸಿ ತನ್ನ ಎಳೆಯ ಪ್ರಾಣವನ್ನು ತೆತ್ತವಳು. ೧೮೮೫ರ ಏಪ್ರಿಲ್ ೨೪. ಬೆಳಿಗ್ಗೆ ನಾನು ಉಚ್ಚರಿಸಲಾರದೆ ನಾಲಗೆಯಲ್ಲಿ ಹೊರಳಿಸಿದ ಹೆಸರು ಇದೇ. ಕಾರಣವಿಲ್ಲದೆ ಹಿಡಿದ ಬೀದಿಯೂ ಅದೇ.

ಆಕೆಯ ಕಥೆಯನ್ನು ಅನಂತರ ಓದಿ ತಿಳಿದುಕೊಂಡೆ. ಯೂನಿಯನ್ ಸ್ಟ್ರೀಟಿನಲ್ಲಿ ಆಕೆಯ ಅಕ್ಕ ಭಾವಂದಿರದು ಎಣ್ಣೆ ಮತ್ತು ಬಣ್ಣದ ಅಂಗಡಿ. ಅಂಗಡಿಯ ಮೇಲೆಯೇ ಮನೆ. ಅವರ ಮಕ್ಕಳನ್ನು ನೋಡಿಕೊಂಡು, ಮನೆಗೆಲಸ ಮಾಡಿಕೊಂಡು ಆಲಿಸ್ ಅಲ್ಲಿದ್ದಳು. ರಾತ್ರಿ ಅಂಗಡಿಗೆ ಬೆಂಕಿ ಬಿದ್ದಿತು. ಆಕೆ ಮೇಲಿನ ಕಿಟಕಿಯಲ್ಲಿ ಕಾಣಿಸಿಕೊಂಡಾಗ ಕೆಳಗೆ ನೆರೆದವರು ಹಾರಿಕೋ ಎಂದು ಕೂಗಿದರು. ಹಾರಲಿಲ್ಲ, ಒಳಗೆ ಹೋದಳು. ಒಂದು ಗರಿಯ ಹಾಸಿಗೆಯನ್ನು ಎಳೆದು ತಂದು ಕೆಳಗೆ ಎಸೆದಳು. ಮತ್ತೆ ಹೋಗಿ ಒಂದು ಮಗುವನ್ನು ತಂದು ಅದರ ಮೇಲೆ ಬೀಳುವಂತೆ ಬಿಟ್ಟಳು. ಮತ್ತೆ ಹೋದಳು. ಮತ್ತೂ ಹೋದಳು. ಮೂರನೆಯ ಮಗುವಾದ ಮೇಲೆ ತಾನು ಹಾರಿದಾಗ ಮೈಯಲ್ಲಿ ಶಕ್ತಿ ಉಳಿದಿರಲಿಲ್ಲ; ಅಂಗಡಿಯ ಫಲಕಕ್ಕೆ ಬಡಿದು ಕಲ್ಲುಹಾಸಿನ ಮೇಲೆ ಬಿದ್ದಳು. ಅಕ್ಕ, ಭಾವ, ಅವರ ಮಗನೊಬ್ಬ ಮನೆಯೊಳಗೇ ಸತ್ತರು. ಆಲಿಸಳನ್ನು ಗೈಸ್ ಆಸ್ಪತ್ರೆಗೆ, ನಾನು ಬೆಳಿಗ್ಗೆ ಕೀಟ್ಸನ ಪಕ್ಕದಲ್ಲಿ ಕುಳಿತಿದ್ದ ಆ ಆಸ್ಪತ್ರೆಗೇ, ಒಯ್ದರು. ಎರಡು ದಿನಗಳ ಮೇಲೆ ತೀರಿಕೊಂಡಳು. ಆಕೆಗೂ ಇಪ್ಪತ್ತೈದೇ ವರ್ಷ. ವಾಟ್ಸ್ ಪತ್ರಿಕೆಗೆ ಬರೆದ ಕಾಗದದಲ್ಲಿ ಉದಾಹರಿಸಿದ್ದು ಈಕೆಯ ಕಥೆಯನ್ನೇ. ನಾನು ಚಪಾತಿ ತಿಂದ ತೋಟದ ಪಕ್ಕದ ಸಭಾಂಗಣದಲ್ಲಿ ಆಕೆಯ ಸಾಹಸದ ಚಿತ್ರವನ್ನು ವಾಲ್ಟರ್ ಕ್ರೇನ್ ಎಂಬ ಕಲಾವಿದ ಬರೆದಿದ್ದನಂತೆ. ವೈಟ್ ಕ್ರಾಸ್ ಎಂದಿದ್ದ ಬೀದಿಗೆ ೧೯೩೬ರಲ್ಲಿ ಆಕೆಯ ಹೆಸರಿಟ್ಟರು.

ಆ ಕಾಲದ ಪತ್ರಿಕೆಗಳು ಆಕೆಯನ್ನು ಹೊಗಳಿದ ರೀತಿ ನನಗೆ ರುಚಿಸಲಿಲ್ಲ. ಯಜಮಾನನ ಮಕ್ಕಳಿಗಾಗಿ ಪ್ರಾಣಕೊಟ್ಟ ನಿಷ್ಠಾವಂತ ಸೇವಕಿಯೆಂದು ಎತ್ತಿ ಹಿಡಿದವು. ಮನೆಗೆಲಸದ ಹುಡುಗಿಯರೆಲ್ಲ ಹೀಗ‌ಿರಬೇಕೆಂಬ ಪಾಠ ಅದರ ಹಿಂದೆ ಇತ್ತು. ಆಕೆ ಆ ಮಕ್ಕಳ ತಾಯಿಯ ತಂಗಿ ಎಂಬುದು ಹಿಂದೆ ಬಿತ್ತು. ಇಂಗ್ಲಿಷಿನಲ್ಲಿ ಅದಕ್ಕೆ ಬೇರೆಯದೇ ಆದ ಒಂದು ಮಾತೂ ಇಲ್ಲ. ಅತ್ತೆ, ದೊಡ್ಡಮ್ಮ, ಸೋದರಮಾವನ ಹೆಂಡತಿ, ಎಲ್ಲರಿಗೂ ಒಂದೇ ಶಬ್ದ. ನಮ್ಮಲ್ಲಾದರೆ ಒಂದು ಮಾತಿನಲ್ಲಿ ಮುಗಿಯುತ್ತದೆ: ಚಿಕ್ಕಮ್ಮ.

ಆದರೂ ಆ ಚಾವಡಿಯಲ್ಲಿ ನಿಂತು ನಾನು ಹೊಟ್ಟೆಕಿಚ್ಚುಪಟ್ಟದ್ದು ನಿಜ. ನಮ್ಮ ಕಲ್ಲುಗಳಲ್ಲಿ ಹೆಂಗಸು ಎಲ್ಲಿದ್ದಾಳೆ? ವೀರಗಲ್ಲಿನ ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯಾಗಿದ್ದಾಳೆ. ಮಾಸ್ತಿಕಲ್ಲಿನಲ್ಲಿ, ಬಳೆ ತೊಟ್ಟ ಒಂದು ಎತ್ತಿದ ಕೈಯಾಗಿದ್ದಾಳೆ. ಗಂಡನೊಡನೆ ಸತ್ತರೆ ಕಲ್ಲಿಗೆ ಬರುತ್ತಾಳೆ. ಕಾದಿ ಸತ್ತ ಹೆಂಗಸರ ಕಲ್ಲುಗಳು ಇಲ್ಲವೇ ಇಲ್ಲವೆಂದಲ್ಲ, ಹುಡುಕಿ ಹೇಳಬೇಕು. ಜಾನಪದದಲ್ಲಿ 'ಕೆರೆಗೆ ಹಾರ'ದ ಭಾಗೀರಥಿಯಿದ್ದಾಳೆ. ಪ್ರತಿವರ್ಷ ಆ ಪಾಠ ಹೇಳುವಾಗ ಹಿಂದಿನ ಬೆಂಚಿನ ಹುಡುಗಿಯರು ಕಣ್ಣೊರೆಸಿಕೊಳ್ಳುವುದನ್ನು ನೋಡುತ್ತೇನೆ. ಆದರೆ ಭಾಗೀರಥಿಯನ್ನು ಆರಿಸಿದವರು ಬೇರೆಯವರು. ಕಿಟಕಿಯಿಂದ ಮೂರು ಬಾರಿ ಬೆಂಕಿಯೊಳಕ್ಕೆ ಮರಳಿದವಳನ್ನು ಯಾರೂ ಕಳಿಸಿರಲಿಲ್ಲ. ಎರಡನ್ನೂ ತ್ಯಾಗವೆಂಬ ಒಂದೇ ಮಾತಿನಲ್ಲಿ ಕಟ್ಟಿ ಪಾಠ ಹೇಳುತ್ತೇವೆ.

ಹಾಗೆ ಯೋಚಿಸುತ್ತ ಕುಳಿತಿದ್ದಾಗ ನಮ್ಮೂರಿನ ಕೆರೆ ನೆನಪಾಯಿತು. ೧೯೯೧ರ ಕಾರ್ತಿಕ ಮಾಸ. ಕೆರೆ ತುಂಬಿ ಕೋಡಿ ಹರಿದಿತ್ತು. ನಾನು ಮಾಧ್ಯಮಿಕ ಶಾಲೆಯಲ್ಲಿದ್ದೆ. ತೂಬಿನ ಹತ್ತಿರ ಈಜಲು ಇಳಿದ ಇಬ್ಬರು ಹುಡುಗರು ಸೆಳೆತಕ್ಕೆ ಸಿಕ್ಕಿದರು. ಸೋಪಾನದ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದ ಮಡಿವಾಳರ ಮನೆಯ ಸೊಸೆ ಕೈಯಲ್ಲಿದ್ದ ಸೀರೆಯನ್ನೇ ಎಸೆದು ಒಬ್ಬನನ್ನು ಎಳೆದಳು. ಇನ್ನೊಬ್ಬನಿಗಾಗಿ ನೀರಿಗಿಳಿದು ಅವನನ್ನು ದಡದ ಕಡೆ ನೂಕಿದಳು. ಆಕೆಯ ದೇಹ ಸಿಕ್ಕಿದ್ದು ಮರುದಿನ. ಶಾಲೆಗೆ ಅರ್ಧ ದಿನ ರಜೆ ಕೊಟ್ಟರು. ಆ ಕೆರೆಯ ಏರಿಯ ಮೇಲೆ ಎರಡು ವೀರಗಲ್ಲುಗಳಿವೆ, ಒಂದು ಮಾಸ್ತಿಕಲ್ಲಿದೆ. ಆಕೆಯ ಗುರುತಾಗಿ ಏನೂ ಇಲ್ಲ.

ಆಕೆಯ ಹೆಸರೇನು? ಎಷ್ಟು ಯೋಚಿಸಿದರೂ ಅದು ನನಗೆ ಎಂದೂ ಗೊತ್ತಿರಲಿಲ್ಲವೆಂದೇ ಖಚಿತವಾಯಿತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿರುವ ಹತ್ತನೆಯ ಶತಮಾನದ ಕಲ್ಲನ್ನು ಪ್ರತಿವರ್ಷ ಪಾಠ ಮಾಡುತ್ತೇನೆ. ಹಂದಿಯೊಡನೆ ಹೋರಾಡಿ ಸತ್ತ ಒಂದು ಬೇಟೆನಾಯಿಯ ಕಲ್ಲದು. ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟಿದ್ದಾರೆ. ನಾಯಿಯ ಹೆಸರು ಕಾಳಿ. ಸಾವಿರ ವರ್ಷಗಳ ಹಿಂದಿನ ನಾಯಿಯ ಹೆಸರು ನನ್ನ ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತಿದೆ. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಬರುತ್ತದೆ.

ಊರಿನಲ್ಲಿ ಆಗ ದೀಪ ಹಚ್ಚುವ ಹೊತ್ತು. ಅಮ್ಮನಿಗೆ ಫೋನು ಮಾಡಿದೆ.

"ಊಟ ಆಯ್ತೇನೇ?" ಎಂಬುದು ಮೊದಲ ಪ್ರಶ್ನೆ. ಆಯಿತೆಂದು ಹೇಳಿ ನನ್ನ ಪ್ರಶ್ನೆ ಕೇಳಿದೆ.

"ಅವಳ ಹೆಸರು ಯಾರಿಗೆ ಗೊತ್ತು? ಮಡಿವಾಳರ ಸೊಸೆ ಅಂತಿದ್ವಿ. ಅಲ್ಲಿ ಕೂತು ಅದ್ಯಾಕೇ ನೆನಪಾಯ್ತು ನಿಂಗೆ?"

"ಸುಮ್ಮನೆ" ಎಂದೆ.

"ಅವಳು ಎಳೆದುಹಾಕಿದ ಹುಡುಗ ಇಲ್ಲೇ ಇದಾನಲ್ಲ, ಗೊಬ್ಬರದ ಅಂಗಡಿ ಇಟ್ಟಿದಾನೆ. ಕೇಳಿಸ್ತೀನಿ ಬಿಡು."

ಬ್ರಿಟಿಷ್ ಮ್ಯೂಸಿಯಂನಲ್ಲಿ ಅಮರಾವತಿಯ ಶಿಲ್ಪಗಳಿವೆ. ಅವನ್ನು ನೋಡುವಷ್ಟು ಸಮಯ ಇನ್ನೂ ಇತ್ತು. ನಾನು ಬಂದ ಸೇತುವೆಯ ಮೇಲೆಯೇ ಹಿಂದಕ್ಕೆ ನಡೆದು ಯೂನಿಯನ್ ಸ್ಟ್ರೀಟನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದೆ. ನೋಡುವಂಥದು ಏನೂ ಇಲ್ಲ. ಕಚೇರಿಗಳು, ತಿಂಡಿಯ ಅಂಗಡಿಗಳು, ಬೀದಿಯನ್ನು ದಾಟುವ ರೈಲಿನ ಇಟ್ಟಿಗೆಯ ಕಮಾನು. ಎಲ್ಲ ಮನೆಗಳ ಮೇಲಂತಸ್ತಿನ ಕಿಟಕಿಗಳನ್ನೂ ಕತ್ತೆತ್ತಿ ನೋಡುತ್ತ ಹೋದೆ. ಮಹಡಿ ಎಷ್ಟು ಎತ್ತರ, ಕಲ್ಲುಹಾಸು ಎಷ್ಟು ಅಗಲ ಎಂಬುದನ್ನು ಕಣ್ಣಿನಲ್ಲಿ ಅಳೆದುಕೊಂಡೆ. ಒಬ್ಬ ತಾಯಿ ಎರಡು ಮಕ್ಕಳನ್ನು ಶಾಲೆಯಿಂದ ಕರೆದುಕೊಂಡು ಹೋಗುತ್ತಿದ್ದಳು. ಚಿಕ್ಕದು ಅಳುತ್ತಿತ್ತು, ದೊಡ್ಡದು ಅದರ ಚೀಲವನ್ನೂ ಹೊತ್ತುಕೊಂಡಿತ್ತು.

ಊರಿಗೆ ಬಂದ ಮೇಲೆ ಅಮ್ಮ ವರದಿ ಒಪ್ಪಿಸಿದರು. ಗೊಬ್ಬರದ ಅಂಗಡಿಯವನಿಗೂ ಹೆಸರು ತಿಳಿಯದು. "ಅವರನ್ನ ಅಕ್ಕ ಅಂತಿದ್ವಿ" ಎಂದನಂತೆ. ಪ್ರತಿವರ್ಷ ಕಾರ್ತಿಕದಲ್ಲಿ ತೂಬಿನ ಬಳಿ ಒಂದು ತೆಂಗಿನಕಾಯಿ ಒಡೆಯುತ್ತಾನಂತೆ. ಅದು ಈ ಮೂವತ್ತು ವರ್ಷಗಳಲ್ಲಿ ನಮಗೆ ಯಾರಿಗೂ ಗೊತ್ತಿರಲಿಲ್ಲ. ಆಕೆಯ ಮನೆಯವರು ಊರು ಬಿಟ್ಟು ಬಹಳ ಕಾಲವಾಗಿದೆ. ಬೆಂಗಳೂರಿನಲ್ಲಿ ಇದ್ದಾರೆಂದು ಒಬ್ಬರು, ತುಮಕೂರಿನಲ್ಲಿ ಎಂದು ಇನ್ನೊಬ್ಬರು. ಮರಣಗಳನ್ನು ಬರೆದಿಡುವ ಆ ಕಾಲದ ಪುಸ್ತಕ ತಾಲ್ಲೂಕು ಕಚೇರಿಯಲ್ಲಿ ಇರಬೇಕೆಂದು ಗ್ರಾಮದ ಅಧಿಕಾರಿ ಹೇಳಿದರು. ವರ್ಷ ತಿಂಗಳು ತಿಳಿಸಿ ಅರ್ಜಿ ಕೊಟ್ಟರೆ ಹುಡುಕಿಸಬಹುದಂತೆ. ವರ್ಷ ಗೊತ್ತು, ತಿಂಗಳು ನವೆಂಬರೋ ಡಿಸೆಂಬರೋ ಆಗಿರಬೇಕು. ಅರ್ಜಿಯನ್ನು ಬರೆದು ಇಟ್ಟಿದ್ದೇನೆ. ಮೃತರ ಹೆಸರು ಎಂಬ ಕಡೆ ಬಿಟ್ಟಿದ್ದೇನೆ. ಬರುವ ರಜೆಯಲ್ಲಿ ಅದನ್ನು ನಾನೇ ಕೊಂಡೊಯ್ದು ಕೊಟ್ಟು, ಪುಸ್ತಕ ತೆಗೆಯುವವರೆಗೆ ಅಲ್ಲಿಯೇ ಕುಳಿತಿರಬೇಕೆಂದಿದ್ದೇನೆ.